ಜಡೆಯ ತುದಿ

ಹಗ್ಗ ದಾಟಬೇಡಿ ಎಂದು ಮ್ಯೂಸಿಯಂ ಕಾವಲುಗಾರ ಕೂಗುವಷ್ಟರಲ್ಲಿ ಅಕ್ಕ ಹಗ್ಗದ ಆಚೆ ನಿಂತಿದ್ದಳು. ಹುಟ್ಟಾ ಕಣ್ಣಿಲ್ಲದವಳಿಗೆ ಹಗ್ಗವೇನು, ಹೊಸಿಲೇನು. ತಮ್ಮ ಅವಳ ತೋಳು ಹಿಡಿದುಕೊಂಡೇ ಕಾವಲುಗಾರನಿಗೆ ಸಂಗತಿ ಬಿಡಿಸಿ ಹೇಳಿದ.

ಅವರ ಅಪ್ಪ ಮೂರ್ತಿ ಮಾಡುತ್ತಿದ್ದವರು. ಒಂದು ಕಾಲದಲ್ಲಿ ಅಮ್ಮನನ್ನು ಎದುರಿಗೆ ಕೂರಿಸಿಕೊಂಡು ಮಣ್ಣಿನಲ್ಲಿ ತಿದ್ದಿ, ಅಚ್ಚು ತೆಗೆದು, ಕಂಚು ಹೊಯ್ಯಿಸಿದ್ದರು. ಅದು ಯಾರಿಗೋ ಮಾರಿಹೋಯಿತು. ಆಮೇಲೆ ಅಪ್ಪನೂ ಹೋದರು, ಅಮ್ಮನೂ ಹೋದಳು. ಅಮ್ಮನದೊಂದು ಫೋಟೊ ಕೂಡ ಉಳಿದಿಲ್ಲ. ಉಳಿದಿದ್ದರೂ ಅಕ್ಕನ ಕೈಗೆ ಅದು ಬರೀ ಗಾಜು. ಇಲ್ಲಿ ಅಪ್ಪನ ಕೈಕೆಲಸದಂತೆ ಕಾಣುವ, ಹೆಸರಿಲ್ಲದ ಒಂದು ಹೆಣ್ಣಿನ ಕಂಚಿನ ಮೂರ್ತಿ ಇದೆಯೆಂದು ತಮ್ಮ ತಿಳಿದುಕೊಂಡು ಬಂದು ಹೇಳಿದಾಗ, ಒಂದು ಸಲ ಅಮ್ಮನನ್ನು ಮುಟ್ಟಿಬರೋಣ ಎಂದು ಹೊರಟುಬಿಟ್ಟಿದ್ದಳು.

ಕಾವಲುಗಾರ ಮೆತ್ತಗಾದ. ಬಿಳಿ ಗ್ಲೌಸು ತಂದುಕೊಟ್ಟ.

"ಇದನ್ನ ಹಾಕ್ಕೊಂಡು ಮುಟ್ಟೋದು ಕಂಬಳಿ ಹೊದ್ದು ಸ್ನಾನ ಮಾಡಿದ ಹಾಗಪ್ಪ," ಎಂದಳು ಅಕ್ಕ.

ಅವನು ನಕ್ಕು, ಅವಳ ಕೈ ತೊಳೆಸಿ, ಬಾಗಿಲ ಕಡೆ ಮುಖ ಮಾಡಿ ನಿಂತ.

ಅಕ್ಕ ಹಣೆ ಸವರಿದಳು, ಹುಬ್ಬು ಸವರಿದಳು. ಮೂಗಿನ ಮೇಲೆ ಬೆರಳುಗಳು ನಿಂತವು.

"ಅಮ್ಮ ಅಲ್ಲ ಕಣೋ."

"ಅಪ್ಪನಿಗೆ ಮುಖ ಎಲ್ಲಿ ಬರ್ತಿತ್ತು ಅಕ್ಕ? ಯಾರನ್ನ ಮಾಡಿದ್ರೂ ನಮ್ಮಜ್ಜಿ ಮೂಗು ಇಡ್ತಿದ್ರು. ಅತ್ತೆ ಮೂಗು ನನಗ್ಯಾಕೆ ಅಂತ ಅಮ್ಮ ಜಗಳ ಆಡ್ತಿರಲಿಲ್ವಾ?"

ಅಕ್ಕ ನಕ್ಕಳು, ಆದರೆ ನಗು ಉಳಿಯಲಿಲ್ಲ. ಭುಜ ಮುಟ್ಟಿ ನೋಡಿದಳು. ಭುಜ ಯಾರದಾದರೂ ಆಗಬಹುದು. ಅಮ್ಮನೆಂದರೆ ಅವಳ ಕೈಗೆ ಮುಖವೂ ಅಲ್ಲ, ಭುಜವೂ ಅಲ್ಲ, ಜಡೆ. ಚಿಕ್ಕವಳಿದ್ದಾಗ ಅಂಗಡಿಗಾಗಲಿ, ನಲ್ಲಿಗಾಗಲಿ, ಅಮ್ಮನ ಜಡೆಯ ತುದಿ ಹಿಡಿದೇ ಹಿಂದೆ ಹಿಂದೆ ನಡೆಯುತ್ತಿದ್ದಳು. ಒಂದು ದಿನ ಅಪ್ಪನ ಕೆಲಸದ ಕೋಣೆಗೆ ತಡವರಿಸುತ್ತ ಬಂದವಳು ಅಮ್ಮನೆಂದುಕೊಂಡು ಮೂರ್ತಿಯ ಹಸಿ ಮಣ್ಣಿನ ಜಡೆಯನ್ನೇ ಗಟ್ಟಿಯಾಗಿ ಹಿಡಿದುಬಿಟ್ಟಳು. ಅಮ್ಮ ತಣ್ಣಗಾಗಿಬಿಟ್ಟಿದ್ದಾಳೆ ಎಂದು ಮನೆ ಹಾರಿಹೋಗುವ ಹಾಗೆ ಅತ್ತಳು. ಅಮ್ಮ ಬಂದು ಎತ್ತಿಕೊಂಡಳು. ಮಗು ಜಡೆ ಕೆಡಿಸಿದೆ, ಸರಿಮಾಡಿ ಅಂದಳು. ಆಮೇಲೆ ತೀಡ್ತೀನಿ ಎಂದರು ಅಪ್ಪ. ಅವರ 'ಆಮೇಲೆ'ಯನ್ನು ನಂಬಿ ಮನೆಯ ಒಂದು ಕಿಟಕಿ ಕೊನೆಯವರೆಗೂ ಬಾಗಿಲಿಲ್ಲದೆ ಉಳಿದಿತ್ತು.

ಮೂರ್ತಿಯ ಬೆನ್ನು ಗೋಡೆಗೆ ಹತ್ತಿರವಿತ್ತು. ಅಕ್ಕ ಸಂದಿಯಲ್ಲಿ ಕೈ ತೂರಿಸಿದಳು. ಜಡೆ ಸಿಕ್ಕಿತು. ಹೆಣಿಗೆ ಹಿಡಿದು ಇಳಿಯುತ್ತ ಇಳಿಯುತ್ತ ತುದಿಯ ಹತ್ತಿರ ಕೈ ತಡೆದು ನಿಂತಿತು.

"ಏನಾಯ್ತು ಅಕ್ಕ?"

ಅಕ್ಕ ಅಲ್ಲೇ ಮತ್ತೊಮ್ಮೆ ಬೆರಳಾಡಿಸಿದಳು.

"ಅಪ್ಪ ತೀಡಲೇ ಇಲ್ಲ ಕಣೋ," ಎಂದಳು.

ಎಳೆ ಮಗುವಿನ ಹಿಡಿತದ ಕುಳಿಗಳು ಕಂಚಿನಲ್ಲಿ ಹಾಗೇ ಇದ್ದವು. ಅವಳ ಬೆರಳುಗಳು ಈಗ ಅವುಗಳಲ್ಲಿ ಹಿಡಿಸುತ್ತಿರಲಿಲ್ಲ, ತುದಿಯಷ್ಟೇ ಊರುತ್ತಿದ್ದವು. ಕಂಚು ತಣ್ಣಗಿತ್ತು. ಅದು ಬೆಚ್ಚಗಾಗುವವರೆಗೂ ಅವಳು ಕೈ ಬಿಡಲಿಲ್ಲ.