ಖಾಲಿ ಡಬ್ಬಿಗೆ ಹೊಸ ವಾಚು

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ ನಾನು ಮೆಡಿಕಲ್ ಶಾಪಿಗೆ ಹೋದೆ. ದುಃಖಕ್ಕೆ ಮಾತ್ರೆ ಕೊಡುವುದು ನಿಂತು ಎಷ್ಟೋ ವರ್ಷವಾಗಿದೆ. ಈಗ ಡಾಕ್ಟರು ಹೊಸ ವಸ್ತುವನ್ನೇ ಬರೆಯುತ್ತಾರೆ. ತಾಯಿ ಸತ್ತರೆ ರೇಷ್ಮೆ ಸೀರೆ, ಕೆಲಸ ಹೋದರೆ ಮಿಕ್ಸಿ. ಗಂಡ ಸತ್ತ ನನಗೆ ವಾಚು ಬರೆದಿದ್ದರು.

“ಪ್ಯಾಕೆಟ್ ಇಲ್ಲೇ ಬಿಚ್ಚಿ ಮೇಡಂ,” ಎಂದ ಅಂಗಡಿಯವನು. “ಬಿಚ್ಚೋದ್ರಲ್ಲೇ ಪವರ್ ಇರೋದು. ಏನಾದ್ರೂ ಅನ್ನಿಸ್ತಾ?”

“ಇಲ್ಲ.”

“ಹಂಗಾದ್ರೆ ಊಟ ಆದ್ಮೇಲೆ ಇನ್ನೊಂದ್ಸಲ ಬಿಚ್ಚಿ.”

ಊಟವಾದ ಮೇಲೂ ಏನೂ ಅನ್ನಿಸಲಿಲ್ಲ. ನಿರಂಜನ ಹೋದಾಗಿನಿಂದ ನಾನು ಅತ್ತಿರಲಿಲ್ಲ. ಇನ್ನು ಅಳು ಬರುವುದೇ ಇಲ್ಲವೇನೋ ಎಂದು ಹೆದರಿಕೆಯಾಗಿತ್ತು.

ತಟ್ಟೆ ತೊಳೆದಿಡುವಾಗ ಪಕ್ಕದ ಮನೆ ಜಲಜಮ್ಮನವರ ಸ್ಟೀಲ್ ಡಬ್ಬಿ ಕಣ್ಣಿಗೆ ಬಿತ್ತು. ಕಾಫಿಪುಡಿ ಮುಗಿದ ದಿನ ನಿರಂಜನ ಅದರಲ್ಲಿ ಪುಡಿ ಕಡ ತಂದಿದ್ದ. ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದು, ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಸಕ್ಕರೆಯನ್ನು ನೆಂಟರು ಮುಗಿಸಿದ್ದರು. ವಾಚನ್ನೇ ಡಬ್ಬಿಯೊಳಗೆ ಇಟ್ಟುಕೊಂಡು ಹೋದೆ.

ಜಲಜಮ್ಮ ಮುಚ್ಚಳ ತೆಗೆದು ಬೆಚ್ಚಿದರು. “ಇದು ನಿನ್ನ ಔಷಧಿ ಅಲ್ವೇನೇ?”

“ಖಾಲಿ ಡಬ್ಬಿ ಹೇಗೆ ಕೊಡ್ಲಿ ಅಮ್ಮಾ?”

“ಅಯ್ಯೋ, ನಿನ್ನ ಗಂಡ ಯಾವತ್ತೂ ಖಾಲಿನೇ ಕೊಡ್ತಿದ್ದ. ‘ನಮ್ಮನೆ ಗಾಳಿ ತುಂಬ್ಕೊಂಡು ಬಂದಿದೀನಿ, ಚೆಲ್ಬೇಡಿ’ ಅಂತಿದ್ದ, ಕಳ್ಳ!”

ನನಗೆ ನಗು ಬಂತು. ಅದು ಅಳುವಾಗುವಷ್ಟರಲ್ಲಿ ನಾನು ಅವರ ಹೊಸ್ತಿಲ ಬಳಿ ಕುಸಿದು ಕುಳಿತಿದ್ದೆ.

ಜಲಜಮ್ಮ ನನ್ನ ತಲೆ ಸವರುತ್ತ, ಇನ್ನೊಂದು ಕೈಯಲ್ಲಿ ವಾಚನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಒಳ್ಳೆ ಕಂಪನಿದೇ ಬರೆದಿದ್ದಾರೆ ಕಣೇ. ಎಷ್ಟು ಬೇಗ ಹಿಡೀತು ನೋಡು!”