ಮೇಜಿನ ಧರ್ಮ

ಮೂರನೆಯ ಸಲ ಕೂಡಿದರೂ ಮೂವತ್ತನಾಲ್ಕೇ ಬಂತು. ಪಾಸಾಗಲು ಮೂವತ್ತೈದು ಬೇಕು. ಇಂಗ್ಲಿಷ್ ಟೀಚರ್ ಕೆಂಪು ಪೆನ್ನನ್ನು ಮುಚ್ಚಿದರು, ಮತ್ತೆ ತೆರೆದರು.

ಬೇರೆ ಯಾರ ಉತ್ತರಪತ್ರಿಕೆಯಾಗಿದ್ದರೂ ಇಷ್ಟು ಹೊತ್ತು ಹಿಡಿಯುತ್ತಿರಲಿಲ್ಲ. ಹತ್ತನೇ ತರಗತಿಯ ಪರೀಕ್ಷೆಯ ಮೌಲ್ಯಮಾಪನ ನಡೆಯುವ ಆ ಹಾಲ್‌ನಲ್ಲಿ ಎಲ್ಲೂ ಬರೆದಿಡದ ನಿಯಮವೊಂದಿತ್ತು: ಮೂವತ್ತನಾಲ್ಕಕ್ಕೆ ಯಾರನ್ನೂ ಕೈಬಿಡಬಾರದು. ಎಲ್ಲಾದರೂ ಕೆದಕಿ ಒಂದು ಅಂಕ ಹುಡುಕಿ ದಡ ಸೇರಿಸಬೇಕು. ಪಕ್ಕದ ಕುರ್ಚಿಯ ಮೀಸೆ ಮೇಷ್ಟ್ರು ಇದನ್ನು ಮೇಜಿನ ಧರ್ಮ ಎನ್ನುತ್ತಿದ್ದರು. ಹದಿನೆಂಟು ವರ್ಷಗಳಲ್ಲಿ ಟೀಚರ್ ಆ ಧರ್ಮವನ್ನು ಒಮ್ಮೆಯೂ ಮೀರಿರಲಿಲ್ಲ.

ಆದರೆ ಇದು ಮಗನ ಪತ್ರಿಕೆ.

ಹೆಸರಿರಲಿಲ್ಲ, ನಿಜ. ಊರೂರುಗಳ ಪತ್ರಿಕೆಗಳನ್ನು ಬೆರೆಸಿ, ಮೇಲೆ ಗುಟ್ಟಿನ ಸಂಖ್ಯೆ ಅಂಟಿಸಿ ಕಳಿಸುತ್ತಾರೆ. ಹೆತ್ತವಳಿಗೆ ಸಂಖ್ಯೆ ಯಾಕೆ? ಅಕ್ಷರ ಟೀಚರ್ ಅವರದ್ದೇ ಅಚ್ಚು. ಮಗನಿಗೆ ಕೈಹಿಡಿದು ತಿದ್ದಿಸಿದವರು ಅವರೇ. ಗೆರೆಗಳು ಅಲ್ಲಲ್ಲಿ ನಡುಗಿದ್ದವು, ಪರೀಕ್ಷೆಯ ಭಯವಿರಬೇಕು. ಬಿಟ್ಟ ಸ್ಥಳದಲ್ಲಿ ಎ, ಆ್ಯನ್, ದ ತುಂಬುವ ಪ್ರಶ್ನೆಯಲ್ಲಿ ಪ್ರತಿ ನಾಮಪದದ ಕೆಳಗೂ ಪೆನ್ಸಿಲ್ಲಿನ ಸಣ್ಣ ಗೆರೆ ಇತ್ತು. ‘ಮೊದಲು ತಲೆ ಯಾವುದು ನೋಡಿ, ಆಮೇಲೆ ಟೋಪಿ ಹಾಕಿ’ ಎಂದು ಮನೆಯ ಟ್ಯೂಷನ್‌ನಲ್ಲಿ ಅವರು ಕಲಿಸುವ ಕ್ರಮ ಅದು. ಟ್ಯೂಷನ್ ಮಕ್ಕಳಲ್ಲಿ ಈ ವರ್ಷ ಪರೀಕ್ಷೆಗೆ ಕೂತವನು ಮಗನೊಬ್ಬನೇ. ಉಳಿದವರೆಲ್ಲ ಕೆಳಗಿನ ತರಗತಿಯವರು.

ಹತ್ತರಲ್ಲಿ ಒಂಬತ್ತು ಸರಿ. ‘ಆನೆಸ್ಟ್’ ಪದಕ್ಕೆ ಮಾತ್ರ ‘ಎ’ ಹಾಕಿತ್ತು. ಬರೆಯುವಾಗ ಎಚ್ ಇದೆ, ಹೇಳುವಾಗ ಇಲ್ಲ, ಹಾಗಾಗಿ ‘ಆ್ಯನ್’ ಎಂದು ಬೋರ್ಡಿನ ಮೇಲೆ ಬರೆದ ದಿನ ಮಗರಾಯ ಕಿಟಕಿಯಾಚೆ ನೋಡುತ್ತಿದ್ದ. ಆ ಸಿಟ್ಟನ್ನು ಟೀಚರ್ ಬೋರ್ಡ್ ಒರೆಸಲು ಬಂದ ಮನೆಗೆಲಸದಾಕೆಯ ಮೇಲೆ ತೀರಿಸಿಕೊಂಡಿದ್ದರು. “ಬಟ್ಟೆ ಹಿಡ್ಕೊಂಡು ಏನು ನಿದ್ದೆ ಮಾಡ್ತಾ ಇದೀಯಾ? ಬೇಗ ಒರೆಸು!” ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ.

ಉಳಿದ ಅನುಮಾನವನ್ನು ಪ್ರಬಂಧ ತೀರಿಸಿತು. ‘ನನಗೆ ಇಷ್ಟವಾದ ಜಾಗ.’ ನಾಲ್ಕೇ ಸಾಲು. ಒಂದು ಕೋಣೆ ಇದೆ. ಕೋಣೆಯಲ್ಲಿ ಒಂದು ಬೋರ್ಡ್ ಇದೆ, ಹನ್ನೆರಡು ಕುರ್ಚಿಗಳಿವೆ. ನಾನು ದಿನಾ ಆ ಕೋಣೆಗೆ ಹೋಗುತ್ತೇನೆ. ಅಲ್ಲಿ ನನಗೆ ವಯಸ್ಸು ನೆನಪಾಗುವುದಿಲ್ಲ.

ಎಷ್ಟು ಮನೆಗಳಲ್ಲಿ ಬೋರ್ಡ್ ಇರುತ್ತದೆ? ತನ್ನ ಮನೆಯ ಕೋಣೆಗೆ ತಾನೇ ದಿನಾ ‘ಹೋಗುತ್ತಾನಂತೆ’! ಹದಿನಾರಕ್ಕೆ ವಯಸ್ಸಿನ ಮಾತು ಬೇರೆ. ಟೀಚರ್‌ಗೆ ನಗು ಬಂತು, ಹಿಂದೆಯೇ ಅಳು ಬಂತು.

ಸಂಬಂಧಿಕರ ಪತ್ರಿಕೆ ಎಂದು ಅನಿಸಿದರೆ ಮುಖ್ಯಸ್ಥರಿಗೆ ಒಪ್ಪಿಸಬೇಕು. ಒಪ್ಪಿಸಿದರೆ ಅವರು ‘ನಿಮ್ಮ ಮಗನದಾ?’ ಎಂದು ನಕ್ಕು ತಾವೇ ಒಂದು ಅಂಕ ಹಾಕುತ್ತಾರೆ. ಹದಿನೆಂಟು ವರ್ಷ ಪರರ ಮಕ್ಕಳಿಗೆ ಕೊಟ್ಟದ್ದು ಧರ್ಮ. ಸ್ವಂತ ಮಗನಿಗೆ ಕೊಟ್ಟರೆ ಅದು ಕಳ್ಳತನ. ಟೀಚರ್ ಲೆಕ್ಕ ಅದು.

ಮೀಸೆ ಮೇಷ್ಟ್ರು ಇಣುಕಿದರು. “ಒಂದೇ ಅಲ್ವಾ ಟೀಚರ್? ಹಾಕ್ಬಿಡಿ. ಯಾವ ತಾಯಿ ಮಗುವೋ ಏನೋ.”

“ಅದಕ್ಕೇ ಹಾಕ್ತಿಲ್ಲ ಸಾರ್,” ಎಂದರು ಟೀಚರ್. ಮೂವತ್ತನಾಲ್ಕು ಎಂದು ಬರೆದು ಸುತ್ತು ಹಾಕಿ, ಕಟ್ಟಿನ ಅಡಿಗೆ ತಳ್ಳಿದರು.

ಆಮೇಲಿನ ಒಂದು ತಿಂಗಳು ಮಗನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲಾಗಲಿಲ್ಲ. ಕೇಳದಿದ್ದರೂ ಹೊಸ ಶೂ ಬಂತು, ಬೈಗುಳ ನಿಂತಿತು. “ಏನಮ್ಮಾ, ನಾನೇನೋ ಸಾಯೋ ಥರ ನೋಡ್ಕೋತಾ ಇದೀಯಾ? ಇಂಗ್ಲಿಷ್ ಚೆನ್ನಾಗೇ ಬರ್ದಿದೀನಿ ಬಿಡು,” ಎಂದ. ಸುಳ್ಳು ಧೈರ್ಯ ಎಂದುಕೊಂಡು ಟೀಚರ್ ಅವನ ತಟ್ಟೆಗೆ ಇನ್ನಷ್ಟು ತುಪ್ಪ ಬಡಿಸಿದರು. ಬೈಗುಳವೆಲ್ಲ ಮನೆಗೆಲಸದಾಕೆಯ ಪಾಲಾಯಿತು. ಪರೀಕ್ಷೆಯ ವಾರದಲ್ಲೇ ರಜೆ ಹಾಕಿ ಕೈಕೊಟ್ಟಿದ್ದಳೆಂಬ ಹಳೆಯ ದೂರನ್ನೂ ಎತ್ತಿ ಆಡಿದರು.

ಫಲಿತಾಂಶ ಬಂದ ಬೆಳಿಗ್ಗೆ ಮಗ ಮೊಬೈಲನ್ನು ಅಮ್ಮನ ಮುಖಕ್ಕೆ ಹಿಡಿದ. ಇಂಗ್ಲಿಷ್: ಎಪ್ಪತ್ತೆಂಟು.

ಟೀಚರ್ ನಕ್ಕರು, ಅತ್ತರು, ಮಗನ ಕೆನ್ನೆ ಹಿಂಡಿದರು. ಅವನದ್ದಲ್ಲ! ತಿಂಗಳಿಡೀ ಹೊತ್ತ ಪಾಪ ದೊಪ್ಪನೆ ಕೆಳಗೆ ಬಿತ್ತು. ಹಾಗಾದರೆ ಆ ಪತ್ರಿಕೆ? ಯಾರದೋ. ಒಳಗೆಲ್ಲೋ ಚುಚ್ಚಿತು, ಆದರೆ ‘ಯಾರೋ’ ಎನ್ನುವುದರಲ್ಲಿ ಒಂದು ಸುಖವಿದೆ: ಮುಖ ಕಾಣುವುದಿಲ್ಲ.

ಮಗ ಗೆಳೆಯರಿಗೆ ಹೇಳಲು ಓಡಿದ. ಮನೆಗೆಲಸದಾಕೆ ಟ್ಯೂಷನ್ ಕೋಣೆ ಗುಡಿಸಿ, ಬಟ್ಟೆ ಹಿಡಿದು ಬೋರ್ಡಿನ ಮುಂದೆ ನಿಂತಿದ್ದಳು. ಎಂದಿನಂತೆ ನಿಂತೇ ಇದ್ದಳು. ಇವತ್ತು ಟೀಚರ್‌ಗೆ ಸಿಟ್ಟು ಬರಲಿಲ್ಲ.

“ಯಾಕೇ, ಅಳ್ತಾ ಇದೀಯಾ?”

“ಏನಿಲ್ಲ ಅಕ್ಕಾ. ಪಾಸಾದ್ಮೇಲೆ ಹೇಳೋಣ ಅಂತಿದ್ದೆ.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಐದು ವರ್ಷದಿಂದ ಈ ಬೋರ್ಡ್‌ನ ಓದ್ಕೊಂಡು, ಮನೇಲಿ ಹಾಗೇ ಬರ್ದು ನೋಡ್ಕೊಂಡು, ಆಸ್ಪತ್ರೆ ಆಯಾ ಕೆಲಸಕ್ಕೆ ಅಂತ ಪ್ರೈವೇಟಾಗಿ ಪರೀಕ್ಷೆ ಕಟ್ಟಿದ್ದೆ. ಉಳಿದಿದ್ದೆಲ್ಲ ಪಾಸಾಯ್ತು, ಇಂಗ್ಲಿಷ್ ಹೋಯ್ತು. ಮತ್ತೆ ಕಟ್ಟೋಷ್ಟರಲ್ಲಿ ಆ ಕೆಲಸಕ್ಕೆ ವಯಸ್ಸು ಮೀರುತ್ತೆ, ತಗೊಳ್ಳಲ್ಲ.”

ಎಷ್ಟು ಬಂತು ಎಂದು ಟೀಚರ್ ಕೇಳಲಿಲ್ಲ. ಅವಳೇ ಹೇಳಿದಳು.

“ಒಂದೇ ಒಂದು ಅಂಕಕ್ಕೆ ಹೋಯ್ತು, ಅಕ್ಕಾ.”