ಮೊದಲು ಬಂದವನ ಮನೆ

"ಹತ್ತೋ ಗಾಡಿ! ಸಮುದ್ರ ಎದ್ದು ಬರ್ತಿದೆ ಅಂತ ಊರಿಗೆ ಊರೇ ಖಾಲಿಯಾಗಿದೆ, ನೀನು ಕಾಫಿ ಕಾಯಿಸ್ತಾ ಕೂತಿದ್ದೀಯಲ್ಲ!" ಟ್ರಕ್ಕಿನ ಎಂಜಿನ್ ಆರಿಸದೆಯೇ ಡಾರ್ಲೀನ್ ಕೂಗಿದಳು. ಫ್ಲೋರಿಡಾದ ಆ ಕರಾವಳಿಯಲ್ಲಿ ಬೆಳಗಿನಿಂದಲೇ ಆಕಾಶ ಹಳೆಯ ತಾಮ್ರದ ಹಂಡೆಯ ಬಣ್ಣಕ್ಕೆ ತಿರುಗಿತ್ತು. ತಮ್ಮ ವೆಂಡೆಲ್ ಕಿಟಕಿಗಳಿಗೆಲ್ಲ ಹಲಗೆ ಹೊಡೆದು ಮುಗಿಸಿದ್ದ.

"ನಾನು ಬರಲ್ಲ ಅಕ್ಕ. ನೀನು ಹೊರಡು."

"ಒಂದು ರಾತ್ರಿ ಮಟ್ಟಿಗೆ ಕಣೋ! ಅಷ್ಟಕ್ಕೆಲ್ಲ ಏನೂ ಆಗಲ್ಲ ಅಂದ್ರು ವಕೀಲರು."

"ಬರೆದು ಕೊಡ್ತಾರಂತಾ?"

ಅವನ ಹೆದರಿಕೆಯ ಕಾರಣ ರಸ್ತೆಯಾಚೆ ಎದುರಿಗೇ ನಿಂತಿತ್ತು: ಒಂದು ಉಯ್ಯಾಲೆ, ಒಂದು ಜಾರುಬಂಡೆ. ಹದಿಮೂರರ ಹುಡುಗಿಯೊಬ್ಬಳ ಬಾಳು ಕೆಡಿಸಿ, ಜೈಲು ಮುಗಿಸಿ ಬಂದವನು ವೆಂಡೆಲ್. ಅಂಥವರ ಮುಖ, ವಿಳಾಸ ಎಲ್ಲ ಸಾಯುವ ತನಕ ಸರ್ಕಾರದ ದಾಖಲೆಯಲ್ಲಿ ಊರಿಗೇ ಕಾಣುವಂತೆ ಇರುತ್ತವೆ. ಶಾಲೆ, ಆಟದ ಜಾಗಗಳಿಂದ ಸಾವಿರ ಅಡಿ ಆಚೆಗೇ ಅವರು ಮನೆ ಮಾಡಬೇಕು. ಊರಲ್ಲಿ ಹಾಗೆ ಉಳಿದಿದ್ದುದು ಇದೊಂದೇ ಮನೆ. ಅವನು ಬಂದದ್ದೇ ತಡ, ನೆರೆಯವರು ಓಡಾಡಿ ಎದುರಿನ ಖಾಲಿ ಸೈಟಿನಲ್ಲಿ ಉಯ್ಯಾಲೆ ನಿಲ್ಲಿಸಿದರು. ಮಕ್ಕಳಿಗಾಗಿ ಅಲ್ಲ, ಅವನಿಗಾಗಿ. ಆದರೆ ಕಾನೂನಿನ ಒಂದೇ ಒಂದು ಎಳೆ ಅವನ ಕೈಯಲ್ಲಿತ್ತು. ಮನೆ ಮೊದಲು, ಉಯ್ಯಾಲೆ ಆಮೇಲೆ ಬಂದರೆ, ಇದ್ದವನನ್ನು ಎಬ್ಬಿಸುವಂತಿಲ್ಲ. ಅವನಾಗಿಯೇ ಬಿಟ್ಟುಹೋದರೆ ಮಾತ್ರ ಮತ್ತೆ ಕಾಲಿಡುವಂತಿಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದು ಮರಳಿದ ರೂಫಸ್ ಎಂಬ ಇವನಂಥವನೇ ಒಬ್ಬನಿಗೆ 'ಇದು ಹೊಸ ವಾಸ' ಅಂದುಬಿಟ್ಟಿದ್ದರು. ಅವನೀಗ ಹೆದ್ದಾರಿ ಬದಿಯ ಪೈನ್ ತೋಪಿನಲ್ಲಿ ಡೇರೆ ಹಾಕಿಕೊಂಡಿದ್ದಾನೆ.

"ಬೇರೆಯವರೆಲ್ಲ ಶಾಲೆಯ ಹಾಲ್‌ನಲ್ಲಿ ಇದ್ದಾರೆ. ನಿಮ್ಮಂಥವರಿಗೂ ಎಲ್ಲಾದ್ರೂ ಜಾಗ ಮಾಡಿರ್ತಾರಲ್ಲ?"

"ಮಾಡಿದ್ದಾರೆ, ಜೈಲಿನ ಪಡಸಾಲೇಲಿ. ನಾನು ಅಲ್ಲಿ ಇದ್ದು ಬಂದವನಕ್ಕ. ಅಡುಗೆ ಚೆನ್ನಾಗಿರಲ್ಲ."

"ಅಮ್ಮ ನಿನ್ನ ಬದಲು ಒಂದು ಹೇಸರಗತ್ತೆ ಸಾಕಿದ್ರೆ ಇಷ್ಟು ಹಠ ಇರ್ತಿರಲಿಲ್ಲ!" ಎಂದು ಬೈಯುತ್ತ ಅವಳು ಟ್ರಕ್ ತಿರುಗಿಸುವಷ್ಟರಲ್ಲಿ ದೊಡ್ಡ ಪೈನ್ ಮರವೊಂದು ರಸ್ತೆಗಡ್ಡ ಬಿತ್ತು. ಹೋಗುವ ಮಾತು ಅಲ್ಲಿಗೆ ಮುಗಿಯಿತು.

ಬಚ್ಚಲಿನ ಎರಕದ ಕಬ್ಬಿಣದ ಸ್ನಾನದ ತೊಟ್ಟಿಯೊಳಗೆ ಇಬ್ಬರೂ ಮುದುರಿ ಕೂತು ಹಾಸಿಗೆಯನ್ನು ತಲೆಯ ಮೇಲೆಳೆದುಕೊಂಡರು. ಗಾಳಿ ಊಳಿಟ್ಟಿತು. ಛಾವಣಿ ಪಾತ್ರೆಯ ಮುಚ್ಚಳದಂತೆ ಎದ್ದುಹೋಯಿತು. ಕೋರ್ಟಿನಲ್ಲಿ ಆ ಹುಡುಗಿಯ ಮಾತು ಕೇಳಿದ ದಿನದಿಂದ ತಮ್ಮನ ಮೈ ಮುಟ್ಟದಿದ್ದ ಡಾರ್ಲೀನ್ ಈಗ ಅವನ ಅಂಗಿಯನ್ನು ಹರಿಯುವಷ್ಟು ಬಿಗಿಯಾಗಿ ಹಿಡಿದಿದ್ದಳು.

ಇದ್ದಕ್ಕಿದ್ದಂತೆ ಎಲ್ಲವೂ ನಿಂತಿತು. ಹಾಸಿಗೆ ಸರಿಸಿ ತಲೆಯೆತ್ತಿದರೆ, ಛಾವಣಿ ಇದ್ದಲ್ಲಿ ನೀಲಿ. ತೊಳೆದಿಟ್ಟಂಥ ನೀಲಿ. ಅದರ ಸುತ್ತ, ನೆಲದಿಂದ ಸ್ವರ್ಗದವರೆಗೆ, ಏಳು ಸುತ್ತಿನ ಕೋಟೆಯಂತೆ ಬೆಳ್ಳಗಿನ ಮೋಡದ ಗೋಡೆ ಮೆಲ್ಲಗೆ ತಿರುಗುತ್ತಿತ್ತು. ಬಿರುಗಾಳಿಯ ಕಣ್ಣು ಅವರ ಮೇಲೆಯೇ ಬಂದು ನಿಂತಿತ್ತು. ಎಲ್ಲಿಂದಲೋ ಗಾಳಿಯೊಳಗೆ ಸಿಕ್ಕಿ ಬಂದ ನೂರಾರು ಕಡಲಹಕ್ಕಿಗಳು ಹೊರದಾರಿ ಕಾಣದೆ ಆ ನೀಲಿಯಲ್ಲಿ ಸುತ್ತುತ್ತಿದ್ದವು. ಒಂದು ಬಂದು ನಲ್ಲಿಯ ಮೇಲೆ ಕೂತು ಅವರನ್ನೇ ನೋಡಿತು. ಡಾರ್ಲೀನಳಿಗೆ ಭಯವೆಂಬುದೇ ಮರೆತುಹೋಯಿತು. ಇಷ್ಟು ದೊಡ್ಡದರ ನಡುವೆ ತಾವೂ ಒಂದು ಲೆಕ್ಕವೇ ಎಂದು ಅವಳು ಬಾಯಿ ತೆರೆದು ನೋಡುತ್ತಲೇ ಇದ್ದಳು.

"ಉಸಿರಾಡಕ್ಕ," ಎಂದ ವೆಂಡೆಲ್. "ಬಿರುಗಾಳಿ ಇನ್ನೂ ಅರ್ಧ ಬಾಕಿ ಇದೆ."

ಮರುದಿನ ಬೆಳಗಾದಾಗ ತೊಟ್ಟಿ ಇತ್ತು, ಕಾಂಕ್ರೀಟಿನ ನೆಲ ಇತ್ತು, ಬೀದಿಯ ಕಡೆಯ ಚೌಕಟ್ಟಿನಲ್ಲಿ ಮುಂಬಾಗಿಲು ಒಂಟಿಯಾಗಿ ನಿಂತಿತ್ತು. ಗೋಡೆಗಳಿದ್ದ ಕಡೆಯೆಲ್ಲ ಸಮುದ್ರ ಕಾಣುತ್ತಿತ್ತು. ರಸ್ತೆಯಾಚೆ ಬರಿಯ ಮರಳು.

"ಉಯ್ಯಾಲೆಯೂ ಹೋಯ್ತಲ್ಲೋ!"

"ಮೊದಲು ಅದನ್ನೇ ಕಟ್ತಾರೆ ನೋಡು. ಆಮೇಲೆ ನಾನು ಮನೆ ಕಟ್ಟಿದ್ರೆ, ಯಾರು ಮೊದಲು ಬಂದಂಗಾಯ್ತು?"

ಅಷ್ಟರಲ್ಲಿ ಬಿದ್ದ ಮರಗಳನ್ನು ದಾಟುತ್ತ ಶೆರಿಫನ ಪೊಲೀಸ್ ಕಚೇರಿಯ ಹ್ಯಾಡ್ಲಿ ಬರುವುದು ಕಂಡಿತು. ಬದುಕಿದವರನ್ನು ನೋಡುವುದು ಅವನ ಕೆಲಸ. ವೆಂಡೆಲ್‌ನಂಥವರು ಹೇಳಿದ ವಿಳಾಸದಲ್ಲೇ ವಾಸವಿದ್ದಾರೆಯೇ ಎಂದು ನೋಡುವುದೂ ಅವನದೇ. 'ಇಲ್ಲಿ ಮನೆಯೇ ಇಲ್ಲ' ಎಂದು ಅವನೊಂದು ಮಾತು ಹೇಳಿದರೆ, ರೂಫಸ್‌ನ ಡೇರೆಯ ಪಕ್ಕ ಇನ್ನೊಂದು ಡೇರೆ. ಮಗಳಿರುವ ತಂದೆ ಹ್ಯಾಡ್ಲಿ. ವೆಂಡೆಲ್‌ನ ಕೈ ಒಮ್ಮೆಯೂ ಕುಲುಕಿದವನಲ್ಲ, ಮುಖ ನೋಡಿ ನಕ್ಕವನಲ್ಲ.

ಹ್ಯಾಡ್ಲಿ ನೆಲದಂಚಿಗೆ ಬಂದು ನಿಂತ. ಒಂದು ಹೆಜ್ಜೆ ಇಟ್ಟಿದ್ದರೆ ಒಳಗೇ ಬರುತ್ತಿದ್ದ. ತೊಟ್ಟಿಯನ್ನು ನೋಡಿದ, ಅಕ್ಕ ತಮ್ಮಂದಿರನ್ನು ನೋಡಿದ, ಅವರ ಹಿಂದೆ ಏನೂ ಆಗದಂತೆ ಹೊಳೆಯುತ್ತಿದ್ದ ಸಮುದ್ರವನ್ನು ನೋಡಿದ. ಆಮೇಲೆ ಸುತ್ತು ಹಾಕಿಕೊಂಡು ಬೀದಿಯ ಕಡೆಗೆ ನಡೆದ. ಡಾರ್ಲೀನ್ ಕತ್ತು ಚಾಚಿ ನೋಡಿದಳು. ಹೊರಟೇಬಿಟ್ಟನೆ?

ಹ್ಯಾಡ್ಲಿ ಮೆಟ್ಟಿಲು ಹತ್ತಿದ. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ಒಂಟಿಯಾಗಿ ನಿಂತ ಆ ಬಾಗಿಲನ್ನು ತಟ್ಟಿದ.

"ಯಾರಿದ್ದೀರಿ ಮನೇಲಿ?"

ವೆಂಡೆಲ್ ಅಂಗಿಯ ಗುಂಡಿ ಹಾಕಿಕೊಂಡ. "ಬಂದೆ ಸಾರ್," ಎಂದು ಹೋಗಿ ಚಿಲಕ ತೆಗೆದ.